ಮೌಶಿಯ ಮುಂದೆ ಇಟ್ಟ ಆರು ಫೋಟೋ

ಮೌಶಿ ನನ್ನ ಫೋಟೋ ನೋಡಿ ಆಡಿದ ಮೊದಲ ಮಾತು, "ಇದು ಬ್ಲರ್ ಅಲ್ಲವಾ ತಂಗಿ, ಒಡದ ಮೊಸರು."

ಅದನ್ನು ಅವರು ನನಗೆ ಕನ್ನಡದಲ್ಲಿ ಹೇಳಿದರು. ಆಮೇಲೆ ಸುತ್ತ ನಿಂತಿದ್ದ ಹತ್ತು ಜನರ ಕಡೆ ತಿರುಗಿ ಅದನ್ನೇ ಮಲಯಾಳದಲ್ಲಿ ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದೆ ಎರಡು ವರ್ಷ ಇದೇ ಪದ್ಧತಿ ನಡೆಯಿತು. ನನಗೆ ಕನ್ನಡದಲ್ಲಿ ಬೈಗುಳ, ಉಳಿದವರಿಗೆ ಅದರ ಅನುವಾದ.

ನಾನು ಮೈಸೂರಿನವಳು. ಕೊಚ್ಚಿಯ ಕಾಕ್ಕನಾಡಿನಲ್ಲಿ ಒಂದು ಐಟಿ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿ ಕೆಲಸ. ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಿ ಮುರಿಯಬಹುದು ಎಂದು ಯೋಚಿಸಿ, ಸರಿಯಾಗಿ ಅಲ್ಲೇ ಒತ್ತಿ, ಅದು ಮುರಿದಾಗ ವರದಿ ಬರೆಯುವುದು ನನ್ನ ಕೆಲಸ. ಅದರಲ್ಲಿ ನಾನು ಜಾಣೆ. ಕೊಚ್ಚಿಗೆ ಬಂದ ಎರಡನೇ ವರ್ಷ ಕ್ಯಾಮೆರಾ ಕೊಂಡೆ. ಒಂಟಿಯಾಗಿದ್ದವಳಿಗೆ ಶನಿವಾರ, ಭಾನುವಾರಗಳು ಬಹಳ ಉದ್ದ. ಹಾಗೆ ಸೇರಿಕೊಂಡದ್ದು ಈ ಫೋಟೋ ಕೂಟಕ್ಕೆ. ತಿಂಗಳಿಗೊಂದು ಭಾನುವಾರ ಸೇರುತ್ತಿದ್ದೆವು. ಒಂದು ತಿಂಗಳು ಕೊಚ್ಚಿಯಲ್ಲಾದರೆ ಮುಂದಿನ ತಿಂಗಳು ತಿರುವನಂತಪುರದಲ್ಲಿ. ಕೂಟದಲ್ಲಿ ಒಬ್ಬ ದಂತವೈದ್ಯರಿದ್ದರು, ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಕಚೇರಿಯವರೊಬ್ಬರಿದ್ದರು, ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯ ಅಧಿಕಾರಿಯೊಬ್ಬರಿದ್ದರು. ಎಲ್ಲರಿಗೂ ಹಿರಿಯರು ಮೌಶಿ.

ಮೌಶಿ ಧಾರವಾಡದವರು. ಆ ಅಧಿಕಾರಿಯ ಸಂಸ್ಥೆಯಲ್ಲೇ ಮೂವತ್ತು ವರ್ಷ ಫೋಟೋಗ್ರಾಫರ್ ಆಗಿದ್ದರು. ಯಂತ್ರಗಳ ಫೋಟೋ, ಪ್ರಯೋಗಗಳ ಫೋಟೋ, ಬಂದುಹೋಗುವ ಗಣ್ಯರ ಫೋಟೋ ತೆಗೆಯುವ ಕೆಲಸ. ನಿವೃತ್ತಿಯಾದ ಮೇಲೂ ವರ್ಷ ವರ್ಷಕ್ಕೆ ಗುತ್ತಿಗೆಯ ಮೇಲೆ ಮುಂದುವರಿದಿದ್ದರು. ಮೊದಲ ದಿನ ನಾನು ಅವರನ್ನು ಆಂಟಿ ಎಂದು ಕರೆದಾಗ ಮುಖ ಗಂಟಿಕ್ಕಿದರು.

"ಆಂಟಿ ಅನಬ್ಯಾಡ. ಮೈಸೂರಿನ್ಯಾಗ ಹಾಲು ಹಾಕಾಕಿಗೂ ಆಂಟಿ, ಅತ್ತಿಗೂ ಆಂಟಿ. ಮೌಶಿ ಅನ್ನು." ಮೌಶಿ ಎಂದರೆ ಅವರ ಕಡೆ ಚಿಕ್ಕಮ್ಮ.

ಅವರ ಜೊತೆ ಸದಾ ಅವರ ಗಂಡ ಇರುತ್ತಿದ್ದರು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ತೆಳ್ಳಗೆ, ಬಿಳಿ ಕೂದಲು, ಬಿಳಿ ಶರ್ಟು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಕಾಕಾಗೆ ಕ್ಯಾಮೆರಾ ಮುಟ್ಟಿ ಗೊತ್ತಿರಲಿಲ್ಲ. ಲೆನ್ಸುಗಳನ್ನು ಹೋಲಿಸಬೇಕಾದರೆ ಮುಂದೆ ಯಾರಾದರೂ ಅಲುಗದೆ ಕೂರಬೇಕಲ್ಲ, ಆ ಕೆಲಸಕ್ಕೆ ಅವರು.

ಲೆನ್ಸು ಹೋಲಿಸುವುದೆಂದರೆ ನಮ್ಮ ಕೂಟದಲ್ಲಿ ಮುಖ್ಯವಾಗಿ ಒಂದೇ ವಿಷಯ. ಮುಂದೆ ಕೂತವರ ಮುಖ ಸ್ಪಷ್ಟವಾಗಿ ಬಂದಾಗ ಹಿಂದಿನ ಗಿಡ, ದೀಪ, ಗೋಡೆ ಹೇಗೆ ಮಸುಕಾಗುತ್ತವೆ ಎಂಬುದು. ಇದನ್ನು ನನಗೆ ಕಲಿಸಿದವರು ಮೌಶಿಯೇ. ಒಂದು ಭಾನುವಾರ ಬೆಳಿಗ್ಗೆ ತಿರುವನಂತಪುರದ ಚಾಲೈ ಬಜಾರಿಗೆ ಕರೆದೊಯ್ದರು. ಪಾತ್ರೆ ಅಂಗಡಿಯೊಂದರ ಮುಂದೆ ಸ್ಟೂಲು ಕೇಳಿ ಪಡೆದು ಕಾಕಾರನ್ನು ಕೂರಿಸಿದರು. ಅವರ ಹಿಂದೆ ತೂಗುಹಾಕಿದ ಸ್ಟೀಲಿನ ಸೌಟು, ತಟ್ಟೆ, ಜರಡಿಗಳ ಮೇಲೆ ಬಿಸಿಲು ಬಿದ್ದು ನೂರಾರು ಚುಕ್ಕಿಗಳಾಗಿ ಹೊಳೆಯುತ್ತಿತ್ತು.

"ಇವರ ಕಣ್ಣಿನ ಮ್ಯಾಲ ಫೋಕಸ್ ಇಡು. ಇಟ್ಟ ಮ್ಯಾಲ ಇವರನ್ನ ಮರ್ತುಬಿಡು. ಹಿಂದ ನೋಡು. ಬ್ಲರ್ ಎಷ್ಟದ ಅಂತ ಕುರುಡರೂ ಹೇಳ್ತಾರ. ಹೆಂಗದ ಅಂತ ಹೇಳು."

ನಾಲ್ಕು ಲೆನ್ಸಿನಲ್ಲಿ ಒಂದೇ ಫೋಟೋ ತೆಗೆಸಿದರು. ಎಲ್ಲರೂ ಮೊದಲಿಗೆ ಕೊಳ್ಳುವ ಅಗ್ಗದ ಪ್ಲಾಸ್ಟಿಕ್ ಲೆನ್ಸು, ನಾನು ಬೋನಸ್ಸಿನಲ್ಲಿ ಕೊಂಡ ಹೊಸ ಲೆನ್ಸು, ದಂತವೈದ್ಯರ ಹತ್ತಿರವಿದ್ದ, ಎತ್ತಿದರೆ ಕೈ ನೋಯುವ ದುಬಾರಿ ಲೆನ್ಸು, ಮತ್ತು ಮೌಶಿಯ ಸ್ವಂತದ್ದು. ಅದು ಲೋಹದ್ದು, ಹಳೆಯದು, ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕಾದದ್ದು. ಆಮೇಲೆ ಚಹದ ಅಂಗಡಿಯಲ್ಲಿ ಕೂತು ಒಂದೊಂದನ್ನೇ ದೊಡ್ಡದು ಮಾಡಿ ತೋರಿಸಿದರು. ಅಗ್ಗದ ಲೆನ್ಸಿನಲ್ಲಿ ಹೊಳಪಿನ ಚುಕ್ಕಿಗಳು ದುಂಡಗಾಗದೆ ಮೂಲೆ ಮೂಲೆಯಾಗಿದ್ದವು. ಸೌಟಿನ ಹಿಡಿಗಳೆಲ್ಲ ಜೋಡು ಗೆರೆಗಳಾಗಿ ನರಗಳ ಹಾಗೆ ಎದ್ದು ಕಾಣುತ್ತಿದ್ದವು. ನನ್ನ ಹೊಸದರಲ್ಲಿ ಚುಕ್ಕಿಗಳು ದುಂಡಗಿದ್ದವು, ಆದರೆ ಒಳಗೆ ಬಳೆ ಬಳೆಯಾಗಿ ಗೆರೆ. "ಉಳ್ಳಾಗಡ್ಡಿ ಹೆಚ್ಚಿದ್ಹಂಗ ಅದ ನೋಡು. ರೊಕ್ಕ ಕೊಟ್ಟು ಉಳ್ಳಾಗಡ್ಡಿ ತಂದಿ." ದುಬಾರಿಯದರಲ್ಲಿ ನಡುವೆ ಸೊಗಸು, ಅಂಚಿಗೆ ಹೋದಂತೆ ಚುಕ್ಕಿಗಳು ಬೆಕ್ಕಿನ ಕಣ್ಣಿನ ಹಾಗೆ ಚಪ್ಪಟೆ. ಮೌಶಿಯದರಲ್ಲಿ ಮಾತ್ರ ಪ್ರತಿ ಚುಕ್ಕಿಯ ಅಂಚೂ ತೆಳುವಾಗುತ್ತಾ ಪಕ್ಕದ್ದರೊಳಗೆ ಸೇರಿಹೋಗಿತ್ತು. "ಹಾಲಿನ್ಯಾಗ ಸಕ್ಕರಿ ಕರಗಿದ್ಹಂಗ. ಎಲ್ಲಿ ಮುಗೀತು ಅಂತ ಗೊತ್ತಾಗಬಾರದು."

ಅಂಥ ಪಾಠವನ್ನು ನನಗೆ ಯಾರೂ ಮಾಡಿರಲಿಲ್ಲ. ಅಂದೇ ಸಂಜೆ ಕೂಟದಲ್ಲಿ ನನ್ನ ಫೋಟೋವೊಂದನ್ನು ನನ್ನ ಕೈಗೇ ಕೊಟ್ಟು, ಎಲ್ಲರ ಮುಂದೆ ಎತ್ತಿ ಹಿಡಿದು ಒಂದು ಸುತ್ತು ಬರುವಂತೆ ಮಾಡಿದವರೂ ಅವರೇ. "ಹೆಂಗ ತಗೀಬಾರದು ಅಂತ ಎಲ್ಲಾರಿಗೂ ತೋರ್ಸಿ ಬಾ." ನಾನು ಸುತ್ತು ಹಾಕಿ ಬಂದೆ. ಮೂವತ್ತೊಂದು ವರ್ಷದವಳು, ಮೂರನೇ ಕ್ಲಾಸಿನ ಹುಡುಗಿಯ ಹಾಗೆ.

ಪ್ರಿಂಟು ನೋಡುವಾಗ ಮೌಶಿ ಅದನ್ನು ನೇರ ಹಿಡಿಯುತ್ತಿರಲಿಲ್ಲ. ಕತ್ತು ಓರೆ ಮಾಡಿ, ಪ್ರಿಂಟನ್ನು ಬದಿಗೆ ಸರಿಸಿ, ಕಣ್ಣಂಚಿನಿಂದ ನೋಡುತ್ತಿದ್ದರು. ಕಾಕಾ ಅವರ ಎಡಗಡೆ ಅಂಟಿಕೊಂಡು ನಿಂತಿರುತ್ತಿದ್ದರು. ಅದು ಪರಿಣತರು ನೋಡುವ ಕ್ರಮ ಎಂದುಕೊಂಡು ದಂತವೈದ್ಯರೂ ಕಸ್ಟಮ್ಸಿನವರೂ ಕತ್ತು ಓರೆ ಮಾಡುವುದನ್ನು ಕಲಿತಿದ್ದರು. ನಾನೂ ಕಲಿತಿದ್ದೆ.

ಎರಡನೇ ವರ್ಷದ ಬೇಸಿಗೆಯಲ್ಲಿ ನನ್ನ ಅಮ್ಮ ಮೈಸೂರಿನಿಂದ ಬಂದು ನನ್ನ ಫ್ಲ್ಯಾಟಿನಲ್ಲಿ ಎರಡು ವಾರ ಇದ್ದಳು. ಮೌಶಿ ಮತ್ತು ಕಾಕಾ ಊಟಕ್ಕೆ ಬಂದರು. ಅಮ್ಮ ಹುಳಿ ಮಾಡಿದ್ದಳು, ಮೌಶಿ ಶೇಂಗಾ ಚಟ್ನಿಪುಡಿ ತಂದಿದ್ದರು. ಇಬ್ಬರೂ ಒಬ್ಬರ ಕನ್ನಡವನ್ನು ಇನ್ನೊಬ್ಬರು ಅಣಕಿಸಿ ನಕ್ಕರು. ಹೊರಡುವಾಗ ಮೌಶಿ ಅಮ್ಮನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಮಗಳಿಗೆ ಭಾಳ ಬೈತೀನ್ರಿ. ಬೈಸಿಕೊಳ್ಳೋ ಯೋಗ್ಯತಾ ಅದ ಅಂತನ ಬೈತೀನಿ" ಅಂದರು.

ಬಾಗಿಲು ಹಾಕಿದ ಮೇಲೆ ಅಮ್ಮ ಹೇಳಿದಳು, "ಬಾಯಿ ಜೋರು ಕಣೇ. ಮನಸ್ಸು ಕೆಟ್ಟದ್ದಲ್ಲ."

ಆ ವಾರವೇ ಅಮ್ಮನ ಫೋಟೋ ತೆಗೆದೆ. ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದಳು. ಹಿಂದೆ ಕುಂಡದ ಗಿಡಗಳು, ಅದರಾಚೆ ಎದುರು ಕಟ್ಟಡದ ದೀಪಗಳು. ಅಮ್ಮ ಕ್ಯಾಮೆರಾ ನೋಡಿದರೆ ಬಿಗಿಯಾಗುವವಳು. ಆ ಸಂಜೆ ಮಾತ್ರ ನನ್ನನ್ನು ನೋಡಿದಳು. ಐದು ತಿಂಗಳ ನಂತರ ಅವಳು ಹೃದಯಾಘಾತದಿಂದ ತೀರಿಕೊಂಡಳು. ನಾನು ಮೈಸೂರಿಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮರುವರ್ಷದ ಆರಂಭದಲ್ಲಿ ಕೂಟದವರು ಒಂದು ಪ್ರದರ್ಶನಕ್ಕೆ ಫೋಟೋ ಆರಿಸುತ್ತಿದ್ದರು. ಆ ತಿಂಗಳ ಸಭೆ ಕೊಚ್ಚಿಯಲ್ಲಿ, ದಂತವೈದ್ಯರ ಮನೆಯ ಮಹಡಿಯಲ್ಲಿ. ಕಾಕಾಗೆ ಜ್ವರವಿದ್ದುದರಿಂದ ಮೌಶಿ ಸಂಸ್ಥೆಯ ಅಧಿಕಾರಿಯ ಕಾರಿನಲ್ಲಿ ಬಂದಿದ್ದರು. ನಾನು ಅಮ್ಮನ ಫೋಟೋವನ್ನು ದೊಡ್ಡದಾಗಿ ಪ್ರಿಂಟು ಮಾಡಿಸಿ ಒಯ್ದಿದ್ದೆ. ಯಾರೆಂದು ಹೇಳಲಿಲ್ಲ. ಮೌಶಿಗೆ ಹೇಳುವ ಅಗತ್ಯವಿಲ್ಲ ಅಂದುಕೊಂಡಿದ್ದೆ. ಅವರು ಗುರುತಿಸಿ, ಆ ಒಂದು ದಿನವಾದರೂ ಮೆತ್ತಗೆ ಮಾತಾಡುತ್ತಾರೆ ಎಂಬ ಆಸೆ ಇತ್ತು.

ಮೌಶಿ ಪ್ರಿಂಟನ್ನು ಬದಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹಿಂದಿನ ಬ್ಲರ್ ಛಲೋ ಅದ. ಇಷ್ಟು ದಿನಕ್ಕ ಒಂದು ಕಲ್ತಿ. ಮುಂದಿಂದ ಕೆಟ್ಟದ. ಯಾರವಾ ಈ ಹೆಂಗಸು? ಬಾಡಿಗಿ ಕೊಟ್ಟು ಕೂಡ್ಸಿದ್ಹಂಗ ಅದಾಳ. ಮುಖದಾಗ ಜೀವಾನ ಇಲ್ಲ. ಮುಂದ ಕೂತಾಕಿನ್ನ ತಗದುಹಾಕಿದ್ರ ಫೋಟೋ ಪಾಸ್."

ಆಮೇಲೆ ರೂಢಿಯಂತೆ ಅದನ್ನು ಮಲಯಾಳದಲ್ಲಿ ಹೇಳಿದರು. ಅಮ್ಮ ಬಂದಿದ್ದಾಗ ಅವಳ ಹಲ್ಲು ನೋಡಿದ್ದ ದಂತವೈದ್ಯರಿಗೆ ಅದು ಯಾರೆಂದು ಗೊತ್ತಿತ್ತು. ಅವರು ನೆಲ ನೋಡಿದರು. ಉಳಿದ ಒಬ್ಬಿಬ್ಬರು ನಕ್ಕರು. ನಾನು ಪ್ರಿಂಟನ್ನು ಮೌಶಿಯ ಕೈಯಿಂದ ತೆಗೆದುಕೊಂಡು, ಸುರುಳಿ ಸುತ್ತಿ, "ಸರಿ ಮೌಶಿ" ಎಂದು ಕೂತುಕೊಂಡೆ.

ಆ ರಾತ್ರಿ ಅತ್ತೆ. ಮಾರನೆಯ ದಿನ ಆಫೀಸಿನಲ್ಲಿ ಕೂತಿದ್ದಾಗ ಅಳು ನಿಂತು ತಲೆ ಕೆಲಸ ಮಾಡತೊಡಗಿತು. ಮೌಶಿ ಅಮ್ಮನ ಕೈ ಹಿಡಿದುಕೊಂಡವರು. ಅಷ್ಟು ದೊಡ್ಡ ಪ್ರಿಂಟಿನಲ್ಲಿ ಅವಳನ್ನು ಗುರುತಿಸದೆ ಇರಲು ಹೇಗೆ ಸಾಧ್ಯ? ಅಂದು ಬೇರೆ ಏನು ವ್ಯತ್ಯಾಸವಿತ್ತು? ಕಾಕಾ ಇರಲಿಲ್ಲ. ಕಾಕಾ ಇದ್ದಾಗ ಏನು ಮಾಡುತ್ತಿದ್ದರು? ಎಡಗಡೆ ನಿಂತು, ಯಾರಿಗೂ ಕೇಳದ ಹಾಗೆ ಒಂದೆರಡು ಶಬ್ದ ಹೇಳುತ್ತಿದ್ದರು. ಅವರು ಹೆಂಡತಿಯ ಮೊಣಕೈ ಮುಟ್ಟುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ಪ್ರೀತಿ ಅಂದುಕೊಂಡಿದ್ದೆ. ಮೌಶಿ ತಮ್ಮ ಹಳೆಯ ಲೆನ್ಸನ್ನು ಇತ್ತೀಚೆಗೆ ಬೇರೆಯವರ ಕೈಗೇ ಕೊಟ್ಟು ತೆಗೆಸುತ್ತಿದ್ದರು. ಅವರ ಹೊಸ ಕ್ಯಾಮೆರಾವೋ ಮುಖವನ್ನು ತಾನೇ ಹುಡುಕಿ ಫೋಕಸ್ ಮಾಡಿಕೊಳ್ಳುವಂಥದ್ದು.

ಮೌಶಿಗೆ ಮುಖಗಳು ಕಾಣುತ್ತಿರಲಿಲ್ಲ.

ಇದು ಹೊಳೆದ ಕ್ಷಣದಲ್ಲಿ ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎಲ್ಲಿ ಒತ್ತಿದರೆ ಮುರಿಯುತ್ತದೆ ಎಂದು ಗೊತ್ತಾದಾಗ ಕೆಲಸದಲ್ಲಿ ಆಗುವ ಸಂತೋಷವೇ ಆಯಿತು. ಇದನ್ನು ಬರೆಯುವಾಗಲೂ ಆ ಸಂತೋಷದ ರುಚಿ ನನಗೆ ನೆನಪಿದೆ.

ಮುಂದಿನ ತಿಂಗಳು ತಿರುವನಂತಪುರದಲ್ಲಿ ಖಾತ್ರಿ ಮಾಡಿಕೊಂಡೆ. ಸಭೆಗೆ ಬೇಗ ಹೋಗಿ, ಮೌಶಿಯ ಎದುರಿಗೆ ಎರಡು ಮಾರು ದೂರದಲ್ಲಿ ನಿಂತು, ಅವರನ್ನೇ ನೋಡಿ ಮುಗುಳ್ನಕ್ಕೆ. ಮಾತಾಡಲಿಲ್ಲ. ಮೌಶಿಯ ದೃಷ್ಟಿ ನನ್ನ ಮೇಲೆ ಹಾದು ಹೋಯಿತು.

"ಮೈಸೂರಿನಾಕಿ ಬಂದಿಲ್ಲೇನು ಇನ್ನಾ?" ಎಂದು ಕಾಕಾರನ್ನು ಕೇಳಿದರು.

"ಇಲ್ಲೇ ಅದಾಳಲಾ," ಅಂದರು ಕಾಕಾ, ನನ್ನನ್ನು ನೋಡುತ್ತಾ. ನಾನು ಯಾಕೆ ಸುಮ್ಮನೆ ನಿಂತಿದ್ದೆ ಎಂಬುದು ಅವರಿಗೆ ಅರ್ಥವಾಗಿತ್ತು.

ಅಂದು ಸಭೆಯಲ್ಲಿ ನಾನೊಂದು ಸಲಹೆ ಕೊಟ್ಟೆ. ಮೌಶಿ ಎರಡು ವರ್ಷದಿಂದ ಬ್ಲರ್ ಬಗ್ಗೆ ಪಾಠ ಮಾಡುತ್ತಿದ್ದಾರೆ, ಒಮ್ಮೆ ಸರಿಯಾದ ಹೋಲಿಕೆ ಮಾಡೋಣ. ಒಂದೇ ಜಾಗ, ಒಂದೇ ಬೆಳಕು, ಒಬ್ಬರೇ ಕೂತಿರಬೇಕು, ನಾಲ್ಕು ಲೆನ್ಸು. ಪ್ರಿಂಟಿನ ಮೇಲೆ ಲೆನ್ಸಿನ ಹೆಸರು ಇರುವುದಿಲ್ಲ. ಯಾವುದು ಯಾವುದರದು, ಯಾವುದರ ಬ್ಲರ್ ಮೇಲು ಎಂದು ಮೌಶಿ ಹೇಳಲಿ. ಎಲ್ಲರೂ ಒಪ್ಪಿದರು. ಮೌಶಿಗೆ ಬಹಳ ಖುಷಿಯಾಯಿತು. "ತಯಾರಿ ಎಲ್ಲಾ ನೀನ ಮಾಡು. ನಾ ಕಣ್ಣು ಮುಚ್ಚಿ ಹೇಳ್ತೀನಿ" ಅಂದರು.

ಮರುತಿಂಗಳು ಅವರಿಬ್ಬರೂ ಕೊಚ್ಚಿಗೆ ಬಂದಾಗ, ಸಭೆ ಮುಗಿದ ಮೇಲೆ, ಕಾಕಾರನ್ನು ಮರೈನ್ ಡ್ರೈವಿನ ದಂಡೆಗೆ ಕರೆದೊಯ್ದೆ. ಮೌಶಿ ದಂತವೈದ್ಯರ ಮನೆಯಲ್ಲೇ ಉಳಿದರು. ಫೋಟೋ ತೆಗೆಯುವಾಗ ತಾವು ಇರಬಾರದು, ಪರೀಕ್ಷೆ ಶುದ್ಧವಾಗಿರಬೇಕು ಎಂದು ಅವರೇ ಹೇಳಿದ್ದರು. ಹೊತ್ತು ಮುಳುಗುತ್ತಿತ್ತು. ನೀರಿನಾಚೆ ವಲ್ಲಾರ್ಪಾಡಂ ಬಂದರಿನ ಕ್ರೇನುಗಳಲ್ಲಿ ದೀಪ ಹತ್ತಿಕೊಂಡಿದ್ದವು, ಕೆಂಪು, ಹಳದಿ, ಬಿಳಿ. ಬ್ಲರ್ ಹೋಲಿಸಲು ಅದಕ್ಕಿಂತ ಒಳ್ಳೆಯ ಹಿನ್ನೆಲೆ ಕೊಚ್ಚಿಯಲ್ಲಿಲ್ಲ. ಕಾಕಾ ಸಿಮೆಂಟಿನ ಬೆಂಚಿನ ಮೇಲೆ, ತೊಡೆಯ ಮೇಲೆ ಕೈಯಿಟ್ಟು ಕೂತರು. ನಾನು ಸ್ಟ್ಯಾಂಡು ಹಾಕಿ ಒಂದೊಂದೇ ಲೆನ್ಸು ಬದಲಿಸುತ್ತಾ ಹೋದೆ.

ಮೂರನೆಯ ಲೆನ್ಸು ಹಾಕುವಾಗ ಅವರು ಅಲುಗದೆ, ತುಟಿ ಮಾತ್ರ ಆಡಿಸಿ ಹೇಳಿದರು, "ನಿನಗ ಗೊತ್ತಾಗ್ಯದ. ನಿನಗ ಗೊತ್ತಾಗ್ಯದ ಅಂತ ನನಗೂ ಗೊತ್ತಾತು."

ನಾನು ಲೆನ್ಸು ತಿರುಗಿಸುತ್ತಿದ್ದೆ.

"ನಡುವಿಂದು ಕಾಣೂದಿಲ್ಲ ಆಕಿಗೆ. ಅಂಚು ಕಾಣ್ತದ. ಡಾಕ್ಟರ ಕಡೆ ಹೋಗೂಣ ಅಂದ್ರ ಬ್ಯಾಡ ಅಂತಾಳ. ಚೀಟಿ ಆಫೀಸಿಗೆ ಹೋಗ್ತದ ಅಂತ ಹೆದರಿಕಿ. ಇನ್ನ ನಾಕು ತಿಂಗಳಿಗೆ ಗುತ್ತಿಗಿ ಮುಗೀತದ. ಅಲ್ಲೀತನಕಾ ಸುಮ್ಮನಿರು ತಾಯಿ. ಮರ್ಯಾದಿಲೇ ಹೊರಗ ಬರಲಿ."

"ಆಯ್ತು ಕಾಕಾ," ಅಂದೆ. "ಸ್ವಲ್ಪ ಗಲ್ಲ ಎತ್ತಿ."

ಅವರು ಗಲ್ಲ ಎತ್ತಿದರು. ನಾನು ಗುಂಡಿ ಒತ್ತಿದೆ. ಅವರ ಕಣ್ಣಲ್ಲಿ ನೀರಿತ್ತು. ಆ ಫೋಟೋ ಚೆನ್ನಾಗಿ ಬಂದಿದೆ.

ಲೆನ್ಸುಗಳೆಲ್ಲ ಮುಂದಿನ ಸಭೆಯವರೆಗೆ ನನ್ನ ಹತ್ತಿರವೇ ಇದ್ದವು. ಮಾರನೆಯ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನನ್ನು ಅದೇ ಬೆಂಚಿಗೆ ಕರೆದೊಯ್ದೆ. ಕಾಕಾರ ವಯಸ್ಸೇ, ಬಿಳಿ ಕೂದಲು. ಆದರೆ ದಪ್ಪ ಮೀಸೆ, ಅಗಲ ಮೂಗು, ಕಪ್ಪು ಫ್ರೇಮಿನ ಕನ್ನಡಕ. ಬಿಳಿ ಶರ್ಟು ಹಾಕಿಕೊಳ್ಳಲು ಹೇಳಿದ್ದೆ.

"ಯಾಕೆ ಮೋಳೆ, ನನ್ನ ಫೋಟೋ ಯಾರಿಗೆ ಬೇಕು?" ಎಂದು ಕೇಳಿದ. ಮೋಳೆ ಎಂದರೆ ಮಗಳೇ. ನಿಮಗೂ ಒಂದು ಪ್ರಿಂಟು ಕೊಡುತ್ತೇನೆ ಅಣ್ಣಾ ಎಂದೆ. ಅವನು ಕಾಕಾ ಕೂತ ಹಾಗೆಯೇ ಕೈಯಿಟ್ಟು ಕೂತ. ಅವನದೂ ಎರಡು ಫೋಟೋ ಆರಿಸಿದೆ. ಕಾಕಾರವು ನಾಲ್ಕು, ಅವನವು ಎರಡು, ಒಟ್ಟು ಆರು.

ತಿರುವನಂತಪುರದ ಸಭೆ ಒಂದು ಗ್ರಂಥಾಲಯದ ಮೇಲಂತಸ್ತಿನ ಕೋಣೆಯಲ್ಲಿತ್ತು. ಕೂಟದವರೆಲ್ಲರೂ ಬಂದಿದ್ದರು. ಸಂಸ್ಥೆಯ ಅಧಿಕಾರಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರು ಬರುತ್ತಾರೆಂದು ನಾನು ಎರಡು ಸಲ ಫೋನು ಮಾಡಿ ಕೇಳಿಕೊಂಡಿದ್ದೆ. ಮೌಶಿಯ ಗುತ್ತಿಗೆ ಕಾಗದಕ್ಕೆ ಸಹಿ ಹಾಕುವವರು ಅವರೇ ಎಂಬುದು ನನಗೆ ಗೊತ್ತಿತ್ತು. ಇದನ್ನು ಆಮೇಲೆ ಯಾರಿಗೂ ಹೇಳಿಲ್ಲ.

ಶುರುವಾಗುವ ಮುಂಚೆ, "ಕಾಕಾ, ಎಲ್ಲರಿಗೂ ಚಹ ಹೇಳಬೇಕಿತ್ತು. ಕೆಳಗಿನ ಅಂಗಡಿಯವನು ಮೇಲೆ ತಂದುಕೊಡೋದಿಲ್ವಂತೆ" ಎಂದೆ. ಕಾಕಾ ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು. ಎಲ್ಲರ ಮುಂದೆ ಒಲ್ಲೆ ಅನ್ನಲು ಅವರಿಗೆ ಕಾರಣವೇನೂ ಇರಲಿಲ್ಲ. ಮೆಟ್ಟಿಲಿಳಿದು ಹೋದರು.

ಮೇಜಿನ ಮೇಲೆ ಆರು ದೊಡ್ಡ ಪ್ರಿಂಟು ಸಾಲಾಗಿ ಇಟ್ಟು, ಎರಡು ಲೆನ್ಸಿನವು ಎರಡೆರಡು ಇವೆ ಎಂದೆ. ಮೌಶಿ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದರು.

ಅವರು ಚೆನ್ನಾಗಿ ಮಾತಾಡಿದರು. ಅದನ್ನು ನಾನು ಮುಚ್ಚಿಡಬಾರದು. ಕತ್ತು ಓರೆ ಮಾಡಿ, ಮೊದಲ ಪ್ರಿಂಟಿನ ದೀಪಗಳ ಮೂಲೆಗಳನ್ನು ಹಿಡಿದು ಅದು ಅಗ್ಗದ ಲೆನ್ಸು ಎಂದರು. ಸರಿಯಾಗಿತ್ತು. ಎರಡನೆಯದರಲ್ಲಿ ಕ್ರೇನಿನ ಕೆಂಪು ದೀಪ ಅಂಚಿನಲ್ಲಿ ಚಪ್ಪಟೆಯಾಗಿದೆ, ಇದು ಡಾಕ್ಟರರದ್ದು ಎಂದರು. ಅದೂ ಸರಿ. ಮೂರನೆಯದರ ದೀಪಗಳು ಎಷ್ಟು ದೊಡ್ಡದಾಗಿ ಕರಗಿವೆ ನೋಡಿ, ಇದು ನಂದೇ ಎಂದರು, ಅದೂ ಸರಿ. ದಂತವೈದ್ಯರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೈ ಚಾಚಿ ಉಳಿದ ಪ್ರಿಂಟುಗಳನ್ನು ಎತ್ತಿಟ್ಟುಕೊಂಡು, ಸಾಕು ಮೌಶಿ, ನೀವೇ ಗೆದ್ದಿರಿ ಅನ್ನಬಹುದಿತ್ತು. ನಾನು ನಾಲ್ಕನೆಯದನ್ನು ಅವರ ಮುಂದೆ ಸರಿಸಿದೆ. ಅದು ಕಾವಲುಗಾರನದ್ದು.

"ಇದೂ ನನ್ನ ಲೆನ್ಸ," ಅಂದರು ಮೌಶಿ. ಸರಿಯಾಗಿತ್ತು. "ಮೂರನೇದಕ್ಕಿಂತ ಇದು ಛಲೋ ಬಂದದ. ಬೆಳಕ ಮೆತ್ತಗದ."

"ಕೂತವರು ಹೇಗೆ ಬಂದಿದ್ದಾರೆ ಮೌಶಿ?" ಎಂದು ಕೇಳಿದೆ. ಮಲಯಾಳದಲ್ಲಿ ಕೇಳಿದೆ, ಎಲ್ಲರಿಗೂ ಅರ್ಥವಾಗಲಿ ಎಂದು.

ಮೌಶಿ ನಕ್ಕರು. ಅವರೂ ಮಲಯಾಳದಲ್ಲೇ ಹೇಳಿದರು, "ಮೂವತ್ತೈದು ವರ್ಷ ನೋಡಿದ ಮುಖ, ಹೇಗೆ ಬಂದರೇನು? ಆದರೂ ಇದರಲ್ಲಿ ಚೆನ್ನಾಗಿದ್ದಾರೆ. ಸ್ವಲ್ಪ ದಣಿದಂತೆ ಕಾಣುತ್ತಾರೆ, ಅಷ್ಟೇ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಕಸ್ಟಮ್ಸಿನವರು ಅದು ತಮಾಷೆ ಎಂದುಕೊಂಡು ಸಣ್ಣಗೆ ನಕ್ಕು, ಬೇರೆಯವರ ಮುಖ ನೋಡಿ ನಿಲ್ಲಿಸಿದರು. ಮೌಶಿಗೆ ಆ ಮೌನ ತಟ್ಟಿತು. ಕೈ ಎಡಗಡೆ ಚಾಚಿ ತಡವಿದರು. ಅಲ್ಲಿ ಯಾರೂ ಇರಲಿಲ್ಲ.

"ಮೌಶಿ, ಇದರಲ್ಲಿ ಕೂತಿರೋದು ಯಾರು?" ಎಂದೆ.

"ಯಾರಂದ್ರ? ನಮ್ಮ ಮನಿಯವರು."

"ಅಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ. ಮೀಸೆ ಇದೆ, ಕನ್ನಡಕ ಇದೆ."

ಅವರು ಪ್ರಿಂಟನ್ನು ಎತ್ತಿಕೊಂಡರು. ಕತ್ತನ್ನು ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. ಪ್ರಿಂಟನ್ನು ಮೂಗಿನ ಹತ್ತಿರ ತಂದರು. ಎಲ್ಲರ ಮುಂದೆ ಎಷ್ಟೋ ಹೊತ್ತು ಹಾಗೆ ಹುಡುಕಿದರು. ಯಾರಾದರೂ ಅವರನ್ನು ತಡೆಯಬೇಕಿತ್ತು. ಅಧಿಕಾರಿ ಎದ್ದು ನಿಂತು, ಇಂಗ್ಲಿಷಿನಲ್ಲಿ, ಬಹಳ ಮೆತ್ತಗೆ, ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು.

ಆಗ ಕಾಕಾ ಚಹದ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಬಂದರು. ಮೇಜಿನ ಮೇಲಿನ ಪ್ರಿಂಟುಗಳನ್ನು ನೋಡಿದರು. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಹೆಂಡತಿಯ ಮೊಣಕೈ ಹಿಡಿದುಕೊಂಡು, "ನಡೀ, ಹೋಗೂಣ" ಅಂದರು. ಇಬ್ಬರೂ ಮೆಟ್ಟಿಲಿಳಿದರು. ಮೌಶಿ ಒಂದೊಂದು ಮೆಟ್ಟಿಲಿಗೂ ಕಾಲು ತಡವಿ ಇಡುವುದು ಮೇಲಿನವರೆಗೆ ಕೇಳುತ್ತಿತ್ತು. ಮುಚ್ಚಿಡಬೇಕಾದದ್ದು ಅವರಿಗೆ ಇನ್ನೇನೂ ಉಳಿದಿರಲಿಲ್ಲ.

ಕೊಚ್ಚಿಗೆ ಹಿಂದಿರುಗುವ ರೈಲಿನಲ್ಲಿ ದಂತವೈದ್ಯರು ನನ್ನ ಪಕ್ಕ ಕೂರಲಿಲ್ಲ.

ಮೌಶಿಯ ಗುತ್ತಿಗೆ ಆ ತಿಂಗಳೇ ನಿಂತಿತು. ಅವಧಿ ಮುಗಿಯುವವರೆಗೆ ಕಾಯಲಿಲ್ಲ. ಅದಕ್ಕೂ ಹಿಂದಿನ ಒಂದು ವರ್ಷದಲ್ಲಿ ಅವರು ತೆಗೆದ ಫೋಟೋಗಳನ್ನೆಲ್ಲ ಸಂಸ್ಥೆಯ ಇಬ್ಬರು ಕೂತು ಮತ್ತೆ ಪರಿಶೀಲಿಸಿದರಂತೆ. ಬೀಳ್ಕೊಡುಗೆ ಸಮಾರಂಭವಾಗಲಿಲ್ಲ. ಇವೆಲ್ಲ ನನಗೆ ಕೂಟದಲ್ಲೇ ತಿಳಿದದ್ದು. ಕೂಟ ಮುಂದುವರಿಯಿತು. ನನಗೆ ಆಶ್ಚರ್ಯವಾದದ್ದು, ಬ್ಲರ್ ಬಗ್ಗೆ ಏನಾದರೂ ಕೇಳಬೇಕಾದರೆ ಈಗ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ನಾನು ಹೇಳುತ್ತಿದ್ದೆ. ಹೇಳುತ್ತಿದ್ದುದೆಲ್ಲ ಮೌಶಿ ಕಲಿಸಿದ್ದೇ.

ಆರು ತಿಂಗಳ ನಂತರ ತಿರುವನಂತಪುರದ ಅವರ ಮನೆಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ, ಕ್ಷಮೆ ಕೇಳಲು ಎಂದು ಹೇಳಬಹುದು. ನಿಜವೆಂದರೆ ಕ್ಷಮೆ ಪಡೆಯಲು. ಇವೆರಡೂ ಬೇರೆ ಎಂದು ಅಲ್ಲಿ ಗೊತ್ತಾಯಿತು.

ಕಾಕಾ ಬಾಗಿಲು ತೆರೆದರು. ಕೂರು ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮೌಶಿ ಕಿಟಕಿಯ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಬಲಗಣ್ಣಿಗೆ ಹಸಿರು ಬಟ್ಟೆಯ ಪಟ್ಟಿ.

"ಯಾರ ಅದು?"

"ನಾನು ಮೌಶಿ. ಕೊಚ್ಚಿಯಿಂದ."

ಅವರ ಕೈ ನಿಲ್ಲಲಿಲ್ಲ. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಮಾತುಗಳನ್ನೆಲ್ಲ ಹೇಳಿದೆ. ಅಮ್ಮನ ಫೋಟೋದ ದಿನ ನನಗಾದ ನೋವು, ಅದರಿಂದ ಬಂದ ಸಿಟ್ಟು, ತಪ್ಪಾಯಿತು ಎಂಬುದು. ಅವರು ಪೂರ್ತಿ ಕೇಳಿಸಿಕೊಂಡರು.

"ಅದು ನಿಮ್ಮವ್ವನ ಫೋಟೋ ಅಂತ ನನಗ ಆಮ್ಯಾಲ ಡಾಕ್ಟರ ಹೇಳಿದ್ರು. ಹಲ್ಲಿನ ಡಾಕ್ಟರ," ಅಂದರು. "ನಿಮ್ಮವ್ವನ ಮುಖ ನನಗ ಕಾಣಲಿಲ್ಲ. ಕಂಡಿದ್ರ ಹಂಗ ಅಂತಿದ್ದಿಲ್ಲ. ಆಕಿ ಛಲೋ ಹೆಣಮಗಳು." ಒಂದು ಎಸಳು ಸುಲಿದು ಬಟ್ಟಲಿಗೆ ಹಾಕಿದರು. "ನಿನಗ ನನ್ನದು ಕಂಡಿತ್ತು. ಕಂಡ ಮ್ಯಾಲ ಮಾಡೀದಿ. ಮೂರು ತಿಂಗಳು ಕೂತು ಮಾಡೀದಿ."

"ಹೌದು ಮೌಶಿ."

"ನಮ್ಮ ಮನಿಯವರು ನಿನ್ನ ಬೇಡ್ಕೊಂಡಿದ್ರಂತ. ಅವರಿಗೆ ಗಲ್ಲ ಎತ್ರಿ ಅಂದ್ಯಂತ."

ಕಾಕಾ ಗೋಡೆಗೆ ಒರಗಿ ನಿಂತಿದ್ದರು. ಎರಡು ವರ್ಷದಲ್ಲಿ ಎಂದೂ ದನಿ ಎತ್ತಿ ಮಾತಾಡದವರು, ಆಗಲೂ ದನಿ ಎತ್ತದೆ ಮಾತಾಡಿದರು.

"ಬಲಗಣ್ಣಿಗೆ ಇಂಜೆಕ್ಷನ್ ಕೊಡಾಕತ್ಯಾರ. ಅದರಾಗ ಉಳದದ್ದು ಉಳೀತದಂತ. ಇನ್ನ ನಾಕು ತಿಂಗಳು ತಡಾ ಮಾಡಿದ್ರ ಅದೂ ಹೋಗ್ತಿತ್ತು ಅಂದ್ರು ಕಣ್ಣಿನ ಡಾಕ್ಟರು. ನೀ ಮಾಡಿದ್ದರಿಂದನ ಒಂದು ಕಣ್ಣು ಉಳೀತು. ಅದು ನಿನಗ ಗೊತ್ತಿರಲಿ ಅಂತ ಹೇಳಿದೆ. ಅದಕ್ಕ ಉಪಕಾರ ಹೇಳ್ತೀವಿ ಅಂತ ತಿಳ್ಕೊಬ್ಯಾಡ."

ಅದನ್ನು ಕೇಳಿ ನನಗೆ ಎದೆ ಹಗುರಾಯಿತು. ಆ ಹಗುರ ಮುಖದ ಮೇಲೆ ಬಂದಿರಬೇಕು. ಕಾಕಾ ಅದನ್ನು ನೋಡಿ ಮುಖ ಆಚೆ ತಿರುಗಿಸಿದರು. ಮೌಶಿಗೆ ಅದು ಕಂಡಿರಲಾರದು, ಆದರೂ ಅವರೇ ಹೇಳಿದರು, "ಉಸಿರು ಬಿಟ್ಟಿ ನೋಡು. ಕೇಳಿಸ್ತು. ಆತಲ್ಲ ಈಗ, ಬಂದ ಕೆಲಸ ಆತು. ಹೋಗು."

ಅವರು ನನಗೆ ಚಹ ಕೊಡಲಿಲ್ಲ. ಧಾರವಾಡದವರ ಮನೆಯಿಂದ ಚಹವಿಲ್ಲದೆ ಹೊರಬಿದ್ದವಳು ನಾನೊಬ್ಬಳೇ ಇರಬೇಕು ಎಂದು ಬಸ್ಸಿನಲ್ಲಿ ಅನ್ನಿಸಿತು.

ಮುಂದಿನ ಬೇಸಿಗೆಯಲ್ಲಿ ಅವರು ತಿರುವನಂತಪುರ ಬಿಟ್ಟು ಹುಬ್ಬಳ್ಳಿಗೆ, ಮೌಶಿಯ ತಂಗಿಯ ಮನೆಯ ಹತ್ತಿರಕ್ಕೆ ಹೋದರು. ಹೋಗುವ ಮುಂಚೆ ಮೌಶಿ ತಮ್ಮ ಹಳೆಯ ಲೆನ್ಸನ್ನು ದಂತವೈದ್ಯರಿಗೆ ಕೊಟ್ಟಿದ್ದರು. ಅವರು ಕೂಟಕ್ಕೆ ಅದನ್ನು ತರುತ್ತಾರೆ, ಎಲ್ಲರಿಗೂ ಕೊಡುತ್ತಾರೆ. 'ನಾನೂ ಒಮ್ಮೆ ನೋಡಲೇ' ಎಂದು ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಅವರೂ ತಾವಾಗಿ ಕೊಟ್ಟಿಲ್ಲ.

ಕಾವಲುಗಾರನಿಗೆ ಕೊಡುತ್ತೇನೆಂದ ಪ್ರಿಂಟು ಕೊಟ್ಟೆ. ಅವನು ಅದಕ್ಕೆ ಗಾಜು ಹಾಕಿಸಿದ್ದಾನೆ.

ಹುಬ್ಬಳ್ಳಿಯ ನಂಬರಿಗೆ ಮೂರು ಸಲ ಫೋನು ಮಾಡಿದ್ದೇನೆ. ಮೂರು ಸಲವೂ ಕಾಕಾ ಎತ್ತಿದರು. ನನ್ನ ದನಿ ಕೇಳಿ, "ಆಕಿ ಮಲಗ್ಯಾಳ" ಎಂದರು. ಒಂದು ಸಲ ಬೆಳಗಿನ ಹನ್ನೊಂದು ಗಂಟೆ. ಅವರ ಹಿಂದೆ ಮೌಶಿ ಯಾರಿಗೋ, ಮೆಣಸಿನಕಾಯಿ ಒಣಗಿಸುವುದು ಹೀಗೇನು ಎಂದು ಬೈಯುತ್ತಿರುವುದು ಸ್ಪಷ್ಟವಾಗಿ ಕೇಳುತ್ತಿತ್ತು.